ಎದುರುಪದ

ಭಾರತೀನಗರದಲ್ಲಿ ಕಾಲೇಜಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಜೆರಾಕ್ಸ್ ಅಂಗಡಿ. ಟೈಪಿಂಗ್, ಪ್ರಿಂಟು, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್ ಎಲ್ಲವೂ ನಡೆಯುತ್ತದೆ. ಕಬ್ಬಿನ ಲಾರಿಗಳು ಸಕ್ಕರೆ ಫ್ಯಾಕ್ಟರಿ ಮುಂದೆ ಸಾಲುಗಟ್ಟಿ ನಿಂತಾಗ ಬಸ್ಸು ತಡವಾದ ಹುಡುಗ ಹುಡುಗಿಯರು ನೆರಳಿಗೆಂದು ನನ್ನ ಅಂಗಡಿಗೇ ನುಗ್ಗುತ್ತಾರೆ. ಪರೀಕ್ಷೆ ಹತ್ತಿರ ಬಂತೆಂದರೆ ಪ್ರಾಜೆಕ್ಟುಗಳ ಸುಗ್ಗಿ. ಅದರಲ್ಲೂ ಕನ್ನಡ ತೆಗೆದುಕೊಂಡವರು ತರುವುದು ಹೆಚ್ಚಾಗಿ ಜನಪದದ ಪ್ರಾಜೆಕ್ಟು. ಯಾರೇ ತರಲಿ, ಮೊದಲ ಸಾಲು ಒಂದೇ: "ನಮ್ಮ ಜನಪದ ಸಂಸ್ಕೃತಿಯು ಇಂದು ಅಳಿವಿನ ಅಂಚಿನಲ್ಲಿದೆ." ಆ ಸಾಲನ್ನು ನಾನು ಎಷ್ಟು ಸಲ ಟೈಪು ಮಾಡಿದ್ದೇನೆಂದರೆ, ಈಗ ಬೆರಳುಗಳು ನನ್ನನ್ನು ಕೇಳದೆ ತಾವೇ ಹೊಡೆದು ಮುಗಿಸುತ್ತವೆ.

ಕೆಲವು ವರ್ಷಗಳ ಹಿಂದೆ ಒಂದು ದಿನ ಆ ಸಾಲನ್ನು ಬೆಳಗಿನಿಂದ ಮೂರನೇ ಸಲ ಹೊಡೆದು, ಅಂಗಡಿ ಮುಚ್ಚಿ, ಮೂರು ಮೈಲಿ ದೂರದ ನಮ್ಮೂರಿಗೆ ಸ್ಕೂಟಿಯಲ್ಲಿ ಹೋದೆ. ಹಿತ್ತಲಲ್ಲಿ ನಮ್ಮತ್ತೆ ಕೊಟ್ಟಿಗೆ ಬಾಚುತ್ತ ಹಾಡಿಕೊಳ್ಳುತ್ತಿದ್ದರು. ಅವರು ಹಾಡುವುದನ್ನು ಮದುವೆಯಾಗಿ ಬಂದ ದಿನದಿಂದ ಕೇಳಿದ್ದೆ. ಊರಲ್ಲಿ ಮದುವೆಯಿರಲಿ, ಹೆಣ್ಣು ಮೈನೆರೆಯಲಿ, ಮಗುವಿಗೆ ಹೆಸರಿಡಲಿ, ಸೋಬಾನೆ ಹೇಳುವುದಕ್ಕೆ ನಮ್ಮತ್ತೆಗೇ ಕರೆ ಬರುತ್ತಿತ್ತು. ಅವರು ಸೊಲ್ಲು ಹೇಳಿದರೆ ಹಿಂದೆ ನಾಲ್ಕು ಜನ ಹೆಂಗಸರು ಅದನ್ನೇ ಎತ್ತಿಕೊಂಡು ಹೇಳುತ್ತಿದ್ದರು. ಆವತ್ತು ಮಾತ್ರ ಅವರ ಹಾಡು ನನಗೆ ಬೇರೆ ರೀತಿ ಕೇಳಿಸಿತು. ಅತ್ತೆಗೆ ಎಪ್ಪತ್ತು ದಾಟಿದೆ. ಓದು ಬರಹ ಬಾರದು. ನಾಳೆ ಇವರಿಗೆ ಏನಾದರೂ ಆದರೆ ಇಷ್ಟೂ ಪದ ಹೋಯಿತಲ್ಲ ಎಂದು ದಿಗಿಲಾಯಿತು. ಮನೆಯಲ್ಲೇ ಇಂಥ ಭಂಡಾರ ಇಟ್ಟುಕೊಂಡು ಊರ ಮಕ್ಕಳ ಪ್ರಾಜೆಕ್ಟು ಟೈಪು ಮಾಡುತ್ತ ಕೂತಿದ್ದೇನಲ್ಲ ಅನ್ನಿಸಿತು. ಎಲ್ಲವನ್ನೂ ಬರೆದಿಡಬೇಕು ಎಂದು ಆ ಕ್ಷಣವೇ ತೀರ್ಮಾನ ಮಾಡಿದೆ.

ಮಾರನೇ ದಿನವೇ ಫೋನು ಹಿಡಿದು ಮುಂದೆ ಕೂತೆ. "ಹೇಳಿ ಅತ್ತೆ, ಅರಿಸಿನದ ಪದ."

"ಸುಮ್ಸುಮ್ನೆ ಏಳು ಅಂದ್ರೆ ಎಂಗಮ್ಮಿ ಏಳಾದು? ಅರಿಸಿನ ಇಲ್ಲ, ಮದ್ಲಿಂಗಿತ್ತಿ ಇಲ್ಲ," ಎಂದು ನಕ್ಕುಬಿಟ್ಟರು.

ಕೇಳಿದರೆ ಬರುವುದಿಲ್ಲವೆಂದು ಗೊತ್ತಾಯಿತು. ಅವರು ಅವರೆಕಾಯಿ ಸುಲಿಯುವಾಗ, ಸೊಪ್ಪು ಸೋಸುವಾಗ ಪಕ್ಕದಲ್ಲಿ ಕೂತು ಬರೆದುಕೊಳ್ಳತೊಡಗಿದೆ. ಅದರಲ್ಲೂ ಒಂದು ತೊಡಕು ಬಂತು. ನಿನ್ನೆ ಹೇಳಿದ ಪದ ಇವತ್ತು ಹಾಗೆಯೇ ಇರುತ್ತಿರಲಿಲ್ಲ. ಮೊದಮೊದಲು, ವಯಸ್ಸಾಯಿತಲ್ಲ, ಮರೆಯುತ್ತಿದ್ದಾರೆ ಎಂದುಕೊಂಡು ಕನಿಕರಪಟ್ಟೆ. ಒಂದು ದಿನ ಕೇಳಿಯೇ ಬಿಟ್ಟೆ.

"ಅತ್ತೆ, ನೆನ್ನೆ ಮಲ್ಲಿಗೆ ಅಂದ್ರಿ, ಇವತ್ತು ಸೇವಂತಿಗೆ ಅಂತೀರ. ಯಾವ್ದು ಸರಿ?"

"ನೆನ್ನೆ ಮಲ್ಗೆ ಮುಡ್ಕೊಂಡಿದ್ನಲ್ಲಮ್ಮಿ," ಎಂದು ತಲೆ ತಿರುಗಿಸಿ ತುರುಬಿನಲ್ಲಿದ್ದ ಸೇವಂತಿಗೆ ತೋರಿಸಿದರು.

ನಾನು ಮಲ್ಲಿಗೆ ಎಂದೇ ಬರೆದುಕೊಂಡೆ. ಮಲ್ಲಿಗೆ ಹೆಚ್ಚು ಸಂಪ್ರದಾಯ ಅನ್ನಿಸಿತು.

ಇನ್ನೊಂದು ಕಷ್ಟವೂ ಇತ್ತು. ಅತ್ತೆಯ ಪದಗಳ ತುಂಬ ಬಸ್ಸು, ಕರೆಂಟು, ಸಿಲಿಂಡರು ಓಡಾಡುತ್ತಿದ್ದವು. ಅರಿಸಿನದ ಪದವನ್ನು ಅವರು ಹೇಳುತ್ತಿದ್ದುದು ಹೀಗೆ:

ಅರಿಸಿನ ಅರಿಯಾಕೆ ಅತ್ತೇರು ಬಂದವ್ರೆ
ಮಿಕ್ಸೀಗೆ ಆಕಿ ತಿರುವ್ಯಾರೆ – ನಮ್ಮೂರ
ಕರೆಂಟು ಓಯ್ತು ಸೋಬಾನೆ

ಇದನ್ನು ಹೇಗೆ ಅಚ್ಚು ಹಾಕುವುದು? ಪ್ರಾಜೆಕ್ಟುಗಳನ್ನು ಟೈಪು ಮಾಡಿ ಮಾಡಿ ನನಗೂ ಒಂದಷ್ಟು ತಿಳಿವಳಿಕೆ ಬಂದಿದೆ ಎಂಬ ಜಂಬ ಇತ್ತು. ಯಾರೋ ನಡುವೆ ಸೇರಿಸಿದ ಕಲಬೆರಕೆ ಇದು, ಮೂಲದಲ್ಲಿ ಹೀಗಿರಲಿಕ್ಕಿಲ್ಲ ಎಂದು ನಿರ್ಧರಿಸಿದೆ. ಮಿಕ್ಸಿ ಇದ್ದಲ್ಲಿ ಒರಳು ಇಟ್ಟೆ. ಕರೆಂಟನ್ನು ತೆಗೆದು "ಬಳೆಗಳು ನಕ್ಕವು" ಎಂದು ಹಾಕಿದೆ. ಬಸ್ಸುಗಳೆಲ್ಲ ಬಂಡಿಗಳಾದವು. ಸೋಬಾನೆಯನ್ನು ಶೋಭಾನೆ ಮಾಡಿದೆ. ಬಿಟ್ಟುಹೋಗಿದ್ದ ಹಕಾರಗಳನ್ನೆಲ್ಲ ಹುಡುಕಿ ಅವುಗಳ ಜಾಗದಲ್ಲಿ ಕೂರಿಸಿದೆ. ನಲವತ್ತು ಚಿಲ್ಲರೆ ಪದಗಳಾದವು. ಒಳ್ಳೆಯ ಕಾಗದದಲ್ಲಿ ಪ್ರಿಂಟು ತೆಗೆದು, ಮುಖಪುಟಕ್ಕೆ ಮಾವಿನ ತೋರಣದ ಚಿತ್ರ ಹಾಕಿ, ಹಸಿರು ಸ್ಪೈರಲ್ಲು ಸುತ್ತಿ ಮನೆಗೆ ತಂದೆ.

ಅತ್ತೆಯನ್ನು ಜಗಲಿಯ ಮೇಲೆ ಕೂರಿಸಿ ಓದಿ ಹೇಳಿದೆ. ಅವರು ಗಲ್ಲಕ್ಕೆ ಕೈಯಿಟ್ಟು ಕೊನೆಯವರೆಗೂ ಕೇಳಿದರು. ಆಮೇಲೆ, "ಸಂದಾಗವೆ ಕಣಮ್ಮಿ. ಯಾರ್ ಏಳಿರಾ ಪದ ಇವು?" ಎಂದರು.

"ನಿಮ್ಮವೇ ಅತ್ತೆ!"

"ನನ್ನವಾ?" ಪುಸ್ತಕವನ್ನು ಈಸಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. "ಒರಳಲ್ಲಿ ಅರಿಸಿನ ಅರುದು ಯಾವ್ ಕಾಲ ಆಯ್ತು! ಓಗ್ಲಿ ಬುಡು, ಓದಿರೋಳು ಮಾಡಿದ್ದೀಯ, ಸರಿಯಾಗೇ ಇರ್ತದೆ."

ಆ ಮಾತಿಗೆ ನಾನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಬದಲಿಗೆ ಹಿಗ್ಗಿಹೋದೆ.

ಅದೇ ಹೊತ್ತಿಗೆ ನನ್ನ ನಾದಿನಿಯ ಮಗಳಿಗೆ, ಅಂದರೆ ಅತ್ತೆಯ ಮೊಮ್ಮಗಳಿಗೆ, ಮದುವೆ ಗೊತ್ತಾಯಿತು. ನಾದಿನಿಯನ್ನು ಕೊಟ್ಟಿರುವುದು ಮದ್ದೂರಿಗೆ. ಹುಡುಗಿ ಅಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸು. ಗಂಡು ಮಳವಳ್ಳಿಯವನು. ಮೊಮ್ಮಗಳ ಮದುವೆಯಲ್ಲಿ ಅತ್ತೆ ಸೋಬಾನೆ ಹೇಳದೆ ಇರುತ್ತಾರೆಯೇ? ನಾನು ಪುಸ್ತಕದ ಐದು ಪ್ರತಿ ಮಾಡಿ ಮೇಳದ ಹೆಂಗಸರಿಗೆಲ್ಲ ಹಂಚಿದೆ. ತಮ್ಮ ಬಾಯಿಯ ಪದ ಅಚ್ಚಾಗಿರುವುದನ್ನು ಕಂಡು ಅವರಿಗೂ ಸಂಭ್ರಮ. ಒಬ್ಬರಂತೂ ಅದನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದ್ದರು. ಮದುವೆಗೆ ಮುಂಚೆ ಹದಿನೈದು ದಿನ ನಮ್ಮ ಜಗಲಿಯ ಮೇಲೆ ಅಭ್ಯಾಸ ನಡೆಯಿತು. ಪುಸ್ತಕದಲ್ಲಿ ಇರುವಂತೆಯೇ ಹೇಳಬೇಕು, ಒಂದಕ್ಷರ ಆಚೀಚೆ ಆಗಬಾರದು ಎಂದು ನನ್ನ ಕಟ್ಟಪ್ಪಣೆ. ಓದು ಬಾರದ ಅತ್ತೆ ನನ್ನಿಂದ ಓದಿಸಿಕೊಂಡು, ತಮ್ಮ ಪದಗಳನ್ನೇ ಹೊಸದಾಗಿ ಬಾಯಿಪಾಠ ಮಾಡಿದರು. ನಡುನಡುವೆ ಹಳೆಯ ರೂಢಿಯಲ್ಲಿ "ಕರೆಂಟು" ಎಂದುಬಿಟ್ಟರೆ ತಾವೇ ನಾಲಗೆ ಕಚ್ಚಿಕೊಂಡು ನನ್ನ ಮುಖ ನೋಡುತ್ತಿದ್ದರು. ಅದನ್ನು ಈಗ ನೆನೆದರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ.

ಮದುವೆ ಮದ್ದೂರಿನ ಕಲ್ಯಾಣ ಮಂಟಪದಲ್ಲಿ. ಬೆಳಿಗ್ಗೆ ಧಾರೆಗೆ ಮುಂಚೆ ಹುಡುಗಿಗೆ ಅರಿಸಿನ ಹಚ್ಚುವಾಗ ನಮ್ಮವರು ಸಾಲಾಗಿ ಜಮಖಾನದ ಮೇಲೆ ಕೂತು ಪುಸ್ತಕ ತೆರೆದರು. ಮೊದಲೆರಡು ಪದ ಹೇಗೋ ಸಾಗಿದವು. ಮೂರನೆಯದಕ್ಕೆ ತೊಂದರೆ ಶುರುವಾಯಿತು. ಇಬ್ಬರು ಹೆಂಗಸರಿಗೆ ಸೇರಿ ಒಂದೇ ಕನ್ನಡಕ; ಒಬ್ಬರು ಸಾಲು ಮುಗಿಸಿ ಕನ್ನಡಕ ತೆಗೆದು ಕೊಟ್ಟ ಮೇಲೆ ಇನ್ನೊಬ್ಬರು ಶುರು ಮಾಡಬೇಕು. ಎದುರಿಗೆ ನಿಲ್ಲಿಸಿದ್ದ ದೊಡ್ಡ ಫ್ಯಾನು ಈ ಕಡೆ ತಿರುಗಿದಾಗಲೆಲ್ಲ ಹಾಳೆಗಳು ಪಟಪಟನೆ ಮಗುಚಿಕೊಳ್ಳುತ್ತಿದ್ದವು. "ಹದಿನೆಂಟನೇ ಪುಟ, ಹದಿನೆಂಟು!" ಎಂದು ನಾನು ಹಿಂದಿನಿಂದ ಪಿಸುಗುಡುತ್ತಿದ್ದೆ. ಒಬ್ಬರು ಹದಿನೆಂಟರಲ್ಲಿ, ಇನ್ನೊಬ್ಬರು ಇಪ್ಪತ್ತರಲ್ಲಿ. ಅತ್ತೆ ಮಾತ್ರ ಕಣ್ಣು ಮುಚ್ಚಿ, ಸ್ಕೂಲು ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದರು.

ಆಗ ಗಂಡಿನ ಕಡೆಯ ಹೆಂಗಸರು ಬಂದರು. ಅವರ ಮುಂದಾಳು ಗಂಡಿನ ದೊಡ್ಡಮ್ಮ, ಐವತ್ತೈದರ ಸುಮಾರಿನ ದಪ್ಪನೆಯ ಹೆಂಗಸು. ಮಳವಳ್ಳಿ ಬಸ್ ಸ್ಟ್ಯಾಂಡಿನ ಎದುರು ಗಂಡನ ಜೊತೆ ತಿಂಡಿ ಹೋಟೆಲು ನಡೆಸುತ್ತಾರೆಂದು ಆಮೇಲೆ ತಿಳಿಯಿತು. ಬಸ್ಸಿನ ಹಾರನ್ನಿನ ಮೇಲೆ "ಎರಡು ಪ್ಲೇಟ್ ಇಡ್ಲಿ" ಎಂದು ಕೂಗಿ ಕೂಗಿ ಪಳಗಿದ ಗಂಟಲು ಅವರದು. ಬಂದವರೇ ಸೊಂಟಕ್ಕೆ ಕೈ ಕೊಟ್ಟು ನಮ್ಮವರ ಸಾಲನ್ನೊಮ್ಮೆ ನೋಡಿದರು. ತುಟಿಯಂಚಿನಲ್ಲಿ ನಗು ಬಂತು. ಅಲ್ಲೇ ನಿಂತು, ಒಂದು ಗಳಿಗೆಯೂ ಯೋಚಿಸದೆ ಎತ್ತಿಕೊಂಡರು:

ಆಡಾಕೆ ಬಂದೋರು ಓದಾಕೆ ಕುಂತವ್ರೆ
ಪರೀಕ್ಸೆ ಅದೇನೆ ಬೀಗಿತ್ತಿ – ನಿಮ್ಮ
ಆಲ್‌ಟಿಕೇಟು ತೋರ್ಸವ್ವ

ಮಂಟಪಕ್ಕೆ ಮಂಟಪವೇ ನಕ್ಕಿತು. ಅರಿಸಿನ ಮೆತ್ತಿಕೊಂಡು ಕೂತಿದ್ದ ಮದುಮಗಳೂ ಬಾಯಿಗೆ ಕೈ ಅಡ್ಡ ಹಿಡಿದಳು. ಬೀಗರ ಕಡೆಯವರು ಹೀಗೆ ಕಾಲೆಳೆದಾಗ ತಿರುಗಿ ಹೇಳುವುದು ಹೆಣ್ಣಿನ ಕಡೆಯವರ ಮರ್ಯಾದೆಯ ಪ್ರಶ್ನೆ. ಎಲ್ಲರೂ ನಮ್ಮತ್ತೆಯ ಕಡೆ ನೋಡಿದರು. ಅತ್ತೆ ಕಣ್ಣು ಬಿಟ್ಟು ನನ್ನ ಕಡೆ ನೋಡಿದರು. ನಾನು, ಹೇಳಿದರೆ ನೀವು ನಂಬಲಿಕ್ಕಿಲ್ಲ, ಪುಸ್ತಕದ ಹಾಳೆ ತಿರುವಿದೆ. ಅದಕ್ಕೆ ಉತ್ತರ ಯಾವ ಪುಟದಲ್ಲೂ ಇರಲಿಲ್ಲ. ಅತ್ತೆ ಬಾಯಿ ತೆರೆದರು; ಹದಿನೈದು ದಿನ ಬಾಯಿಪಾಠ ಮಾಡಿದ ಸಾಲುಗಳು ಅಡ್ಡ ಬಂದವೋ ಏನೋ, ಮಾತು ಹೊರಡಲಿಲ್ಲ. ಮಳವಳ್ಳಿಯವರು ಇನ್ನೆರಡು ಪದ ಹೇಳಿ ಗೆದ್ದ ಖುಷಿಯಲ್ಲಿ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಪುರೋಹಿತರು ಹೆಣ್ಣನ್ನು ಕರೆದದ್ದರಿಂದ ನಾವು ಬಚಾವಾದೆವು.

ಮದುವೆ ಚೆನ್ನಾಗಿಯೇ ನಡೆಯಿತು. ನನಗೆ ಮಾತ್ರ ಊಟ ಸೇರಲಿಲ್ಲ. ಸಂಜೆ ಟೆಂಪೋದಲ್ಲಿ ಊರಿಗೆ ಮರಳುವಾಗ ಅತ್ತೆಯ ಪಕ್ಕ ಕೂತೆ.

"ಎಲ್ಲಾ ನಂದೇ ತಪ್ಪು ಅತ್ತೆ. ನಿಮ್ಮ ಮರ್ಯಾದೆ ತೆಗ್ದೆ."

"ತಪ್ಪೇನ್ ಬಂತಮ್ಮಿ?" ಎಂದು ಅತ್ತೆ ನಗತೊಡಗಿದರು. "ಆಲ್‌ಟಿಕೇಟಂತೆ! ಎಂಗ್ ಒಡುದ್ಲು ನೋಡು. ಕೆಲ್ಸ್‌ಗಾತಿ ಕಣಮ್ಮಿ ಅವ್ಳು." ಸೋತವರ ಮುಖವಾಗಿರಲಿಲ್ಲ ಅದು. ಒಳ್ಳೆಯ ಜೊತೆ ಸಿಕ್ಕಿತೆಂಬ ಸಂತೋಷ ಕಾಣುತ್ತಿತ್ತು. ನಗು ನಿಂತ ಮೇಲೆ ಅವರೇ ಮಾತು ತೆಗೆದರು.

"ನಮ್ಮತ್ತೆ ನಂಗೆ ಒಂದು ಪದಾನೂ ಏಳ್ಕೊಡ್ನಿಲ್ಲ, ಗೊತ್ತಾ?"

"ಮತ್ತೆ ಯಾರು ಕಲ್ಸಿದ್ರು?"

ಆಗ ಅವರು ಹೇಳಿದ್ದು ಇದು. ಅತ್ತೆಯ ತವರು ಶಿವಪುರದ ಪಕ್ಕದ ಹಳ್ಳಿ. ಮದುವೆಯಾಗಿ ಬಂದ ಹೊಸದರಲ್ಲಿ ಅವರೂ ಅವರ ಅತ್ತೆಯೂ ಕಲ್ಲಿನ ಮುಂದೆ ಕೂತು ರಾಗಿ ಬೀಸುತ್ತಿದ್ದರಂತೆ. ಆ ಹಿರಿಯಾಕೆ ಒಂದು ಪದ ಎಸೆಯುತ್ತಿದ್ದಳು. ಕಲ್ಲಿಗೆ ಮುಂದಿನ ಹಿಡಿ ರಾಗಿ ಬೀಳುವಷ್ಟರಲ್ಲಿ ಸೊಸೆ ಎದುರುಪದ ಹೇಳಬೇಕು. ಹೇಳದಿದ್ದರೆ ಇನ್ನೊಂದು ಸೇರು ಬೀಸಬೇಕು. ಮೊದಲ ದಿನ ಎಸೆದ ಪದ ಅತ್ತೆಗೆ ಇನ್ನೂ ನೆನಪಿತ್ತು:

ಸಿವಪುರ್ದ ಸೀಮೇಲಿ ಸೊಸೆ ಸಂದ ಅಂದ್ರಲ್ಲ
ಕೈಯಲ್ಲಿ ಕಸುವೆ ಇಲ್ವಲ್ಲ – ನಮ್ಮನೆ
ರಾಗೀಯ ಕಲ್ಲು ನಗುತಾದೆ

"ಮೂರು ದಿನ ಬಾಯೇ ಬರ್ನಿಲ್ಲ ನಂಗೆ. ಮೂರು ದಿನಾನೂ ಎಚ್ಚಿಗೆ ಬೀಸ್ದೆ. ಕೈಯೆಲ್ಲ ಬೊಬ್ಬೆ. ನಾಕ್ನೇ ದಿನ ಸಿಟ್ಟು ಬಂದು ಏಳ್ಬುಟ್ಟೆ:

ಕಲ್ಲೇನು ನಕ್ಕಾದು ಅತ್ತ್ಯವ್ವ ಕೇಳಿಲ್ಲಿ
ಮುದ್ದೆಯ ಮುರಿದು ತಿನ್ನೋರು – ಏಳ್ಜನ
ಬೀಸೋಳು ನಾನು ಒಬ್ಬಾಳೆ"

"ಆಮೇಲೆ?"

"ಆಮೇಲೇನು, ಕಲ್ಲು ನಿಲ್ಸುದ್ಲು ನಮ್ಮತ್ತೆ. ಬಯ್ತಾಳೆ ಅನ್ಕಂಡೆ. ಒಟ್ಟೆ ಇಡ್ಕಂಡು ನಗ್ತಾ ಕುಂತ್ಲು. ಆವತ್ತಿಂದ ಗೂಟಕ್ಕೆ ಅವ್ಳೂ ಸರಿಯಾಗಿ ಕೈ ಕೊಟ್ಲು. ಅದಕ್ ಮುಂಚೆ ಸುಮ್ನೆ ಇಡ್ಕಂಡಂಗೆ ಮಾಡೋಳು, ಅಸ್ಟೇಯ."

ಟೆಂಪೋದಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಆ ಅಜ್ಜಿಯ ಪದಗಳಲ್ಲಿ ಎಷ್ಟು ನಿಮಗೆ ಗೊತ್ತಿವೆ ಎಂದು ಕೇಳಿದೆ. ಅತ್ತೆ ಬೆರಳು ಮಡಿಸಿದರು. ಹತ್ತೋ ಹನ್ನೆರಡೋ ಅಷ್ಟೆ. ಆಕೆ ಸತ್ತು ನಲವತ್ತು ವರ್ಷವಾಗಿದೆ. ಉಳಿದ ಪದಗಳೆಲ್ಲ ಹೋದವಲ್ಲ ಎಂದರೆ, ಅತ್ತೆಗೆ ನನ್ನ ದುಃಖವೇ ಅರ್ಥವಾಗಲಿಲ್ಲ.

"ಓದ್ರೆ ಓಗ್ಲಿ ಬುಡು. ಅವು ಅವ್ಳ ಕಾಲ್ದ ಪದ. ಎದುರು ಏಳಾದು ನಂಗೆ ಬತ್ತದಲ್ಲ. ಎದುರು ಏಳೋರು ಇದ್ರೆ ಪದ ಯಾಕೆ ಕಮ್ಮಿ ಆಯ್ತದೆ?"

ಅಷ್ಟು ವರ್ಷ ಅಚ್ಚು ಹಾಕುವ ಕೆಲಸ ಮಾಡಿದ ನಾನು ಸಂಪ್ರದಾಯವೆಂದರೆ ಕಳೆದುಹೋಗದಂತೆ ಭದ್ರವಾಗಿ ಎತ್ತಿಡುವ ವಸ್ತು ಎಂದೇ ತಿಳಿದಿದ್ದೆ. ಈ ಮುದುಕಿಗೆ ಅದು ಸೈಕಲ್ ತುಳಿಯುವುದಿದ್ದಂತೆ. ಯಾವ ಸೈಕಲ್ಲಾದರೇನು, ಯಾವ ರಸ್ತೆಯಾದರೇನು, ತುಳಿಯುವುದು ಗೊತ್ತಿದ್ದರಾಯಿತು.

"ಹಾಗಾದ್ರೆ ನಂಗೂ ಕಲ್ಸಿ," ಎಂದೆ.

"ರಾಗಿ ಕಲ್ಲು ಎಲ್ಲದೆ ಈಗ?"

"ಕುಕ್ಕರ್ ಇದ್ಯಲ್ಲ ಅತ್ತೆ."

ಹಾಗೆ ಶುರುವಾಯಿತು ನನ್ನ ಪಾಠ. ಮಳವಳ್ಳಿಯಲ್ಲಿ ಬೀಗರ ಊಟ ಇಟ್ಟುಕೊಂಡಿದ್ದದ್ದು ಹನ್ನೆರಡು ದಿನ ಬಿಟ್ಟು, ಒಂದು ಬುಧವಾರ. ದಿನವೂ ಬೆಳಿಗ್ಗೆ ನಾನು ಬೇಳೆಗೆ ಕುಕ್ಕರ್ ಇಡುವುದು, ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಪದ ಎಸೆಯುವುದು. ಮೂರನೇ ವಿಷಲ್ಲಿನೊಳಗೆ ನಾನು ಎದುರು ಹೇಳಬೇಕು. ಸೋತರೆ ಆವತ್ತಿನ ಪಾತ್ರೆಯೆಲ್ಲ ನನ್ನ ಪಾಲಿಗೆ. ಮೊದಲ ನಾಲ್ಕು ದಿನ ಪಾತ್ರೆ ತಿಕ್ಕಿದೆ. ನನಗೆ ಪ್ರಾಸ ಸಿಕ್ಕರೆ ಅರ್ಥ ತಪ್ಪುತ್ತಿತ್ತು, ಅರ್ಥ ಸಿಕ್ಕರೆ ಅದು ಪದವಾಗದೆ ಬರೀ ಮಾತಾಗುತ್ತಿತ್ತು. "ಯೋಚ್ನೆ ಮಾಡ್ಬೇಡ ಕಣಮ್ಮಿ, ಜಗಳ ಆಡು. ಜಗಳಕ್ಕೆ ಯಾರಾದ್ರೂ ಬರ್ಕೊಂಡ್ ಬತ್ತಾರ?" ಎನ್ನುತ್ತಿದ್ದರು ಅತ್ತೆ. ಐದನೇ ದಿನ ಅವರು ಎಸೆದದ್ದು:

ಸೊಸೆ ಮಾಡಿದ್ ಸಾರೀಗೆ ಕಾರಾನೆ ಕಾಣಾಕಿಲ್ಲ
ಟೀವೀಯ ನೋಡ್ತ ಮರೆತಾಳೊ – ಇಲ್ಲ
ಗಂಡನ್ನ ನೋಡ್ತ ಮರೆತಾಳೊ

ಎರಡನೇ ವಿಷಲ್ ಆಯಿತು. ನನಗೆ ನಿಜಕ್ಕೂ ರೇಗಿತು. ಹಿಂದಿನ ದಿನ ತಾನೇ, ಖಾರ ಹೆಚ್ಚಾಯಿತೆಂದು ಅವರೇ ಎರಡು ಲೋಟ ನೀರು ಕುಡಿದಿದ್ದರು.

ಕಾರಾನ ಆಕಿದ್ರೆ ನೀರ್ನೀರು ಅಂತೀರ
ಕಮ್ಮೀಯ ಆಕಿದ್ರೆ ಸಪ್ಪೆಂತೀರ – ಅತ್ತಮ್ಮ
ನಾಲ್ಗೇಗೆ ಏನ ಬಡಿಸಾನ

ಮೂರನೇ ವಿಷಲ್ ಕೂಗಿತು. ಅತ್ತೆ ಹೊಸ್ತಿಲ ಮೇಲೆ ಕೂತಲ್ಲೇ ತೊಡೆ ತಟ್ಟಿದರು. ಫ್ಯಾಕ್ಟರಿ ಕೆಲಸಕ್ಕೆ ಹೊರಟು ನಿಂತಿದ್ದ ನನ್ನ ಗಂಡ ಬಾಗಿಲಲ್ಲಿ ಇಣುಕಿ, "ಏನವ್ವಾ ಇದು, ಜಗ್ಳವಾ ಪದವಾ? ನಾನು ಓಗ್ಲಾ, ಇರ್ಲಾ?" ಎಂದರು. "ನೀನ್ ಓಗ್ಲಾ, ನಮ್ದು ನಾವ್ ನೋಡ್ಕತೀವಿ," ಎಂದು ಅತ್ತೆ ಮಗನನ್ನು ಅಟ್ಟಿದರು. ಆವತ್ತಿನ ಪಾತ್ರೆ ಅತ್ತೆಯೇ ತೊಳೆದರು. ನಾನು ಬೇಡವೆಂದರೂ ಬಿಡಲಿಲ್ಲ.

ಬುಧವಾರ ಟೆಂಪೋ ತುಂಬ ಜನ ಮಳವಳ್ಳಿಗೆ ಹೋದೆವು. ನಮ್ಮ ಕಡೆ ಬೀಗರ ಊಟವೆಂದರೆ ಮದುವೆಗಿಂತ ದೊಡ್ಡದು. ಧಾರೆ ತಪ್ಪಿಸಿಕೊಂಡವರೂ ಬಾಡೂಟ ತಪ್ಪಿಸಿಕೊಳ್ಳುವುದಿಲ್ಲ. ಗಂಡಿನ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿದ್ದರು. ಮುದ್ದೆ, ಬೋಟಿ ಗೊಜ್ಜು, ಕೈಮ, ಅನ್ನ, ಸಾರು ಎಲ್ಲವೂ ಇದ್ದವು. ಹೆಂಗಸರ ಪಂಕ್ತಿ ಕೂತಿತ್ತು. ನಾನು ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದೆ. ಅತ್ತೆ ಮೊಣಕೈಯಿಂದ ತಿವಿದರು. ತಲೆಯೆತ್ತಿ ನೋಡಿದರೆ ಗಂಡಿನ ದೊಡ್ಡಮ್ಮ ಗೊಜ್ಜಿನ ಬಕೆಟ್ಟು ಹಿಡಿದು ನನ್ನ ಎಲೆಯ ಮುಂದೆಯೇ ನಿಂತಿದ್ದಾರೆ. ನಾನೇ ಆ ಪುಸ್ತಕ ಮಾಡಿದವಳೆಂದು ಯಾರೋ ಅವರ ಕಿವಿಗೆ ಹಾಕಿದ್ದರು.

ಕಂಪ್ಯೂಟ್ರು ಸೊಸೆ ಬಂದ್ಲು ಕನ್ನಡ್ಕ ಏರ್ಸ್ಕಂಡು
ಪದವೆಲ್ಲಿ ಮಡಗ್ದೆ ಬೀಗಿತ್ತಿ – ನಿನ್ನ
ಪೆನ್‌ಡ್ರೈವು ತೆಗಿಯೆ ನೋಡಾನ

ಪಂಕ್ತಿಯಲ್ಲಿ ನಗುವಿನ ಅಲೆ ಎದ್ದಿತು. ನನ್ನ ಕಿವಿ ಬಿಸಿಯಾಯಿತು. ಆಗ ಬಾಯಲ್ಲಿದ್ದ ಗೊಜ್ಜಿನ ರುಚಿ ನಾಲಗೆಗೆ ತಾಗಿತು. ಉಪ್ಪು ಕೊಂಚ ಕಡಿಮೆ. ಎಂಜಲು ಕೈಯಲ್ಲೇ ಕೂತು, ಇದ್ದ ಧೈರ್ಯವನ್ನೆಲ್ಲ ಸೇರಿಸಿ ಎತ್ತಿಕೊಂಡೆ:

ಪೆನ್‌ಡ್ರೈವು ಮನೇಲಿ ಬುಟ್‌ಬಂದೆ ಬೀಗಿತ್ತಿ
ಬಾಯೊಂದೆ ಸಾಕು ನಿಮಗೆಲ್ಲ – ಮೊದ್ಲೋಗಿ
ಬೋಟಿಯ ಗೊಜ್ಜೀಗೆ ಉಪ್ಪಾಕಿ

ನನ್ನ ಗಂಟಲು ಅಷ್ಟೇನೂ ಚೆನ್ನಾಗಿಲ್ಲ, ಎರಡನೇ ಸಾಲಿನಲ್ಲಿ ಸ್ವರ ಒಡೆದೂ ಹೋಯಿತು. ಆದರೆ ನಮ್ಮ ಮೇಳದ ಹೆಂಗಸರು ಕೊನೆಯ ಸಾಲನ್ನು ಎತ್ತಿಕೊಂಡ ರಭಸಕ್ಕೆ ಶಾಮಿಯಾನವೇ ಹಾರಿಹೋಗಬೇಕಿತ್ತು. "ಉಪ್ಪಾಕಿ, ಉಪ್ಪಾಕಿ" ಎಂದು ಮೂರು ಸಲ ಹೇಳಿದರು. ಒಲೆಯ ಹತ್ತಿರವಿದ್ದ ಅಡುಗೆಯವರು ಗಾಬರಿಯಾಗಿ ಉಪ್ಪಿನ ಬಟ್ಟಲು ಹಿಡಿದು ಓಡಿಬಂದರು. ಅದನ್ನು ಕಂಡು ಗಂಡಸರ ಪಂಕ್ತಿಯೂ ಊಟ ಬಿಟ್ಟು ನಗತೊಡಗಿತು. ಬೀಗಿತ್ತಿ ಬಕೆಟ್ಟನ್ನು ಕೆಳಗಿಟ್ಟರು. ನಾನು ಗೆದ್ದೆನೆಂದುಕೊಂಡೆ. ಅವರು ಬಗ್ಗಿ ನನ್ನ ಎಲೆಯನ್ನು ಚೆನ್ನಾಗಿ ನೋಡಿದರು.

ಉಪ್ಪಿಲ್ಲ ಅಂದೋಳ ಎಲೆ ನೋಡಿ ಅಕ್ಕಯ್ಯ
ಗೊಜ್ಜೀನ ಗುರುತೆ ಇಲ್ವಲ್ಲ – ಉಪ್ಪಿಲ್ದೆ
ಮೂರ್ಸಾರ್ತಿ ಅವಳು ಬಡಿಸ್ಕಂಡ್ಲು

ಅದು ನಿಜ. ಮೂರು ಸಲ ಬಡಿಸಿಕೊಂಡಿದ್ದೆ. ಅಷ್ಟು ಹೊಟ್ಟೆ ತುಂಬ ನಕ್ಕು ಸೋತದ್ದು ನನ್ನ ಜೀವಮಾನದಲ್ಲೇ ಅದು ಮೊದಲು. ಬೀಗಿತ್ತಿ ನನ್ನ ತಲೆ ಸವರಿ, ನಾಲ್ಕನೇ ಸಲವೂ ಒಂದು ಸೌಟು ಗೊಜ್ಜು ಹಾಕಿದರು.

ಊಟವಾದ ಮೇಲೆ ಮದುಮಗಳಿಗೆ ಮಡಿಲು ತುಂಬಿದರು. ಆಗ ಅತ್ತೆ ಹಾಡಿದರು. ಯಾರೂ ಹೇಳು ಎಂದಿರಲಿಲ್ಲ. ಮದುವೆಯಾದ ಮೇಲೆ ಹುಡುಗಿ ದಿನಾ ಮಳವಳ್ಳಿಯಿಂದ ಮದ್ದೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಓಡಾಡಬೇಕಿತ್ತು. ಹಿಂದಿನ ವಾರ ಅವಳು ಅಜ್ಜಿಯ ಹತ್ತಿರ ಫೋನಿನಲ್ಲಿ ಅಂದಿದ್ದಳಂತೆ: ಮನೆಯವರೆಲ್ಲ ಒಳ್ಳೆಯವರು, ಬಸ್ಸಿನ ನೂಕುನುಗ್ಗಲೊಂದೇ ಕಷ್ಟ, ದಿನವೂ ನಿಂತೇ ಹೋಗುತ್ತೇನೆ, ಅಲ್ಲಿಯೂ ದಿನವೆಲ್ಲ ನಿಂತೇ ಇರಬೇಕು ಎಂದು. ಅತ್ತೆ ಅವಳ ಕೆನ್ನೆಗೆ ಅರಿಸಿನ ಹಚ್ಚುತ್ತ, ಮೆಲ್ಲಗೆ, ಅವಳೊಬ್ಬಳಿಗೇ ಹೇಳುವ ಹಾಗೆ ಹೇಳಿದರು:

ಏಳೂವರೆ ಬಸ್ಸೀಗೆ ಓಗೋಳು ನನ್ ಕೂಸು
ನಿಂತ್ಕಂಡೆ ಓಗಿ ಸೋತಾಳು – ಕಂಡಕ್ಟ್ರಣ್ಣ
ಕಿಟಕೀಯ ಸೀಟು ಕೊಡಿಸಯ್ಯ

ಹುಡುಗಿ ಅಜ್ಜಿಯ ಹೆಗಲಿಗೆ ಹಣೆ ಇಟ್ಟಳು. ನಾನು ಪುಸ್ತಕ ಮಾಡುವಾಗ ಬಸ್ಸುಗಳನ್ನೆಲ್ಲ ಬಂಡಿ ಮಾಡಿದ್ದೆನಲ್ಲ! ಆ ಪದದಲ್ಲಿ ಬಸ್ಸಿನ ಬದಲು ಬಂಡಿ ಬಂದಿದ್ದರೆ ಹುಡುಗಿಯ ಕಾಲುನೋವು ಅದರೊಳಗೆ ಎಲ್ಲಿ ಕೂರುತ್ತಿತ್ತು ಎಂದು ಯೋಚಿಸಿ ನಾಚಿಕೆಯಾಯಿತು.

ಬೀಗಿತ್ತಿ ಇದಕ್ಕೆ ಪದ ಹೇಳಲಿಲ್ಲ. ಮುಂದೆ ಬಂದು ಅತ್ತೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು. "ದೊಡ್ಡವ್ವ, ನೀನ್ ಯಾಕ್ ಕಂಡಕ್ಟ್ರುನ್ನ ಕೇಳೀಯೆ? ಬಸ್ ಸ್ಟ್ಯಾಂಡು ನಮ್ಮೋಟ್ಲು ಮುಂದೇನೆ ಅದೆ. ಬಸ್ಸು ಬಂದು ನಿಂತ ತಕ್ಸಣ ಕಿಟಕೀಲಿ ನಾನೇ ಟವಲ್ ಆಕ್ತೀನಿ. ನನ್ ಟವಲ್ ತೆಗ್ಯೋ ಗಂಡ್ಸು ಈ ಮಳ್ವಳ್ಳೀಲಿ ಉಟ್ಟಿಲ್ಲ, ಬುಡು," ಎಂದರು.

ಅವರು ಮಾತು ತಪ್ಪಲಿಲ್ಲ. ಆ ಬಸ್ಸು ನನ್ನ ಅಂಗಡಿಯ ಮುಂದೆಯೇ ಹಾದು ಹೋಗುತ್ತದೆ. ಶಟರ್ ಎತ್ತುವ ಹೊತ್ತಿಗೆ ಸರಿಯಾಗಿ ಬರುತ್ತದೆ. ಹುಡುಗಿ ಕಿಟಕಿಯ ಪಕ್ಕ ಕೂತು, ಟಿಫನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ಕೈ ಬೀಸಿ ಹೋಗುತ್ತಾಳೆ. ಡಬ್ಬಿಯಲ್ಲಿ ಇರುವುದು ದೊಡ್ಡತ್ತೆಯ ಹೋಟೆಲಿನ ಇಡ್ಲಿಯೇ ಅಂತೆ.

ನಾನು ಈಗಲೂ ಅತ್ತೆಯ ಪದಗಳನ್ನು ಬರೆದುಕೊಳ್ಳುತ್ತೇನೆ. ಬರೆಯುವುದು ತಪ್ಪೆಂದು ನನಗೆ ಯಾವತ್ತೂ ಅನ್ನಿಸಿಲ್ಲ; ಅವರ ಅತ್ತೆಯ ಪದಗಳನ್ನು ಯಾರಾದರೂ ಬರೆದಿಟ್ಟಿದ್ದರೆ ನಾನು ಕಣ್ಣಿಗೊತ್ತಿಕೊಂಡು ಓದುತ್ತಿದ್ದೆ. ಆದರೆ ಅವರು ಹೇಳಿದಂತೆಯೇ ಬರೆಯುತ್ತೇನೆ, ಹಕಾರ ಬಿಟ್ಟುಹೋದಲ್ಲಿ ಬಿಟ್ಟೇ. ಯಾವ ದಿನ, ಯಾರ ಮನೆಯಲ್ಲಿ, ಯಾರಿಗೆ ಎದುರಾಗಿ ಹೇಳಿದ್ದು ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕುತ್ತೇನೆ. ಅದಿಲ್ಲದಿದ್ದರೆ ಅರ್ಧ ಪದವೇ ಇಲ್ಲವಾಗುತ್ತದೆ ಎಂಬುದು ನನಗೆ ಗೊತ್ತಾಗಿದೆ.

ಇತ್ತೀಚೆಗೆ ಇನ್ನೊಂದು ಶುರುವಾಗಿದೆ. ಬೀಗಿತ್ತಿ ಅತ್ತೆಗೆ ವಾಟ್ಸಾಪಿನಲ್ಲಿ ದನಿ ಕಳಿಸುವುದನ್ನು ಹೇಳಿಕೊಟ್ಟಿದ್ದಾರೆ. ಓದು ಬೇಕಿಲ್ಲ, ಮೈಕಿನ ಗುರುತು ಒತ್ತಿ ಹಿಡಿದರಾಯಿತು. ಬೆಳಿಗ್ಗೆ ಆರಕ್ಕೆ ಹೋಟೆಲಿನ ಒಲೆ ಹಚ್ಚಿದವರೇ ಅವರೊಂದು ಪದ ಬಿಡುತ್ತಾರೆ. ಹಿಂದೆ ಇಡ್ಲಿ ಪಾತ್ರೆಯ ಸದ್ದು, ಬಸ್ಸಿನ ಹಾರನ್ನು ಕೇಳುತ್ತಿರುತ್ತವೆ. ನಮ್ಮ ಮನೆಯಲ್ಲಿ ಹಾಲು ಉಕ್ಕುವುದರೊಳಗೆ ಇಲ್ಲಿಂದ ಎದುರುಪದ ಹೊರಡುತ್ತದೆ. ಕೆಲವು ದಿನ ನಾಲ್ಕೈದು ಸುತ್ತು ನಡೆದು ಹಾಲು ನಿಜವಾಗಿಯೇ ಉಕ್ಕಿ ಒಲೆಯ ಮೇಲೆ ಹರಿದದ್ದೂ ಇದೆ. ಮೊನ್ನೆ ಅತ್ತೆಗೆ ಹಲ್ಲುನೋವು, ದವಡೆ ಊದಿತ್ತು. ಮಳವಳ್ಳಿಯಿಂದ ಪದ ಬಂತು. ಇನ್ನೂ ಏಳದ ಸೋಮಾರಿಗಳು ಎಂದು ನಮ್ಮ ಮನೆಯನ್ನೇ ಆಡಿಕೊಂಡಿದ್ದರು. ಅತ್ತೆ ಕೇಳಿ, ದವಡೆ ಹಿಡಿದುಕೊಂಡೇ ನಕ್ಕು, ಫೋನನ್ನು ನನ್ನ ಕೈಗೆ ಕೊಟ್ಟರು.

"ನೀನೇ ಏಳ್ಬುಡಮ್ಮಿ ಇವತ್ತು. ವಸಿ ಕಾರ್ವಾಗೇ ಇರ್ಲಿ."

ನಾನು ಸೆರಗಿಗೆ ಕೈ ಒರೆಸಿಕೊಂಡು, ಗಂಟಲು ಸರಿ ಮಾಡಿಕೊಂಡು, ಮೈಕಿನ ಗುರುತು ಒತ್ತಿ ಹಿಡಿದೆ.